ಫ್ರೀರೆಗ್: ಜಾಡು ಹಿಡಿಯಲು ಸರಿ, ಸಾಕ್ಷಿಗೆ ಸಾಲದು

ಇಂಗ್ಲೆಂಡಿನಲ್ಲಿ ಪೂರ್ವಜರ ಜಾಡು ಹುಡುಕುವವರಿಗೆ, ಅಲ್ಲಿನ ಹಳೆಯ ಚರ್ಚ್ ರಿಜಿಸ್ಟರುಗಳನ್ನು ಸ್ವಯಂಸೇವಕರು ಓದಿ ಟೈಪ್ ಮಾಡಿರುವ ಉಚಿತ ಜಾಲತಾಣ ಈ ಫ್ರೀರೆಗ್. ವರ್ಷಗಟ್ಟಲೆ ಬಳಸಿದ ಮೇಲೆ ಐದಕ್ಕೆ ನಾಲ್ಕು ಕೊಡಬಹುದು. ಕಾಸು ಕೇಳುವ ತಾಣಗಳಿಗೆ ಹೋಗುವ ಮುಂಚೆ ಇಲ್ಲಿ ಒಂದು ಸುತ್ತು ಹಾಕಿ. ಒಂದು ಅಂಕ ಕಳೆದದ್ದು ಮೂಲ ಪುಟದ ಚಿತ್ರ ಇಲ್ಲದ್ದಕ್ಕೆ.

1851ರ ಜನಗಣತಿಯಲ್ಲಿ ವಯಸ್ಸೂ ಹುಟ್ಟೂರೂ ಇರುತ್ತವೆ. ಅದರಿಂದ ಹುಟ್ಟಿದ ವರ್ಷ ಲೆಕ್ಕ ಹಾಕಿ, ಹಿಂದೆ ಮುಂದೆ ಮೂರು ವರ್ಷ ಬಿಟ್ಟುಕೊಂಡು, ಕೌಂಟಿ (ಅಲ್ಲಿನ ಜಿಲ್ಲೆ) ಆರಿಸಿ, ಸೌಂಡೆಕ್ಸ್‌ಗೆ, ಅಂದರೆ ಉಚ್ಚಾರ ಹೋಲುವ ಹೆಸರುಗಳನ್ನೂ ತೋರಿಸುವ ಆಯ್ಕೆಗೆ, ಟಿಕ್ ಹಾಕಿ ಹುಡುಕಿ. ಕಾಗುಣಿತವೆಲ್ಲ ಪಾದ್ರಿಯ ಕಿವಿಗೆ ಬಿದ್ದಂತೆ. ಆದರೆ ಸೌಂಡೆಕ್ಸ್ ಮೊದಲ ಅಕ್ಷರವನ್ನು ಮುಟ್ಟುವುದಿಲ್ಲ. ನೈಟ್ (Knight, Night) ಎಂಬ ಮನೆತನವನ್ನು 'ಕೆ'ಯಿಂದ ಒಮ್ಮೆ, 'ಎನ್'ನಿಂದ ಇನ್ನೊಮ್ಮೆ ಹುಡುಕಲೇಬೇಕು.

ದೀಕ್ಷಾಸ್ನಾನದ ನಮೂದು ಸಿಕ್ಕಿತೆಂದು ಹಿಗ್ಗಬೇಡಿ. ಅದೇ ಚರ್ಚಿನ ಸಮಾಧಿ ನಮೂದುಗಳನ್ನೂ ನೋಡಿ. ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುತ್ತಿದ್ದರು. ಎಷ್ಟೋ ವಂಶವೃಕ್ಷಗಳು ಸತ್ತ ಅಣ್ಣನ ತಾರೀಖಿನ ಮೇಲೆ ನಿಂತಿರುತ್ತವೆ! 1813ರಿಂದ ಅಚ್ಚಾದ ನಮೂನೆ ಬಂದು ಸಮಾಧಿಯಲ್ಲಿ ವಯಸ್ಸು ಬರೆಯತೊಡಗಿದರು, ಹೋಲಿಕೆ ಸುಲಭ. ಅದಕ್ಕೂ ಹಿಂದಿನದು ಹೆಚ್ಚಾಗಿ ಬರೀ ಹೆಸರು, ದಿನಾಂಕ.

ತಾರೀಖುಗಳದ್ದೇ ಒಂದು ಕಾಟ. 1752ಕ್ಕೂ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಮದುವೆ 1723ರ ನವೆಂಬರ್, ಮಗುವಿನ ದೀಕ್ಷೆ 1723ರ ಫೆಬ್ರವರಿ ಎಂದಿದ್ದರೆ ಮಗು ಮದುವೆಗೆ ಮುಂಚಿನದಲ್ಲ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1724. ಇನ್ನು 1783ರ ಅಕ್ಟೋಬರಿನಿಂದ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಬಿತ್ತು. ಅದು ಜಾರಿಯಾಗುವ ಮುಂಚೆ ದೊಡ್ಡ ಮಕ್ಕಳಿಗೂ ಒಟ್ಟಿಗೆ ದೀಕ್ಷೆ ಕೊಡಿಸಿದವರುಂಟು. ದೀಕ್ಷೆಯ ದಿನವನ್ನು ಹುಟ್ಟಿದ ದಿನ ಅಂದುಕೊಳ್ಳಬೇಡಿ.

ಏನೂ ಸಿಗದಿದ್ದರೆ ದಾಖಲೆಯೇ ಇಲ್ಲವೆಂದಲ್ಲ. ಆ ಊರಿನ ಯಾವ ಚರ್ಚಿನ ಯಾವ ವರ್ಷಗಳು ಟೈಪ್ ಆಗಿವೆ ಎಂಬ ಪಟ್ಟಿ ತಾಣದಲ್ಲೇ ಇದೆ, ಮೊದಲು ಅದನ್ನು ನೋಡಿ. 1653ರಿಂದ 1660ರವರೆಗಿನ ಪುಟಗಳಂತೂ ಬಹಳ ಕಡೆ ಮೂಲದಲ್ಲೇ ಇಲ್ಲ. ಸಿಕ್ಕ ಸಾಲನ್ನು ಕೌಂಟಿ ದಾಖಲೆ ಕಚೇರಿಯ ಮೂಲ ಪುಟಕ್ಕೂ, ಬಿಷಪ್ಪರಿಗೆ ವರ್ಷವರ್ಷ ಕಳಿಸುತ್ತಿದ್ದ ನಕಲಿಗೂ ತಾಳೆ ನೋಡಿ. 'ಜೆ-ಎನ್-ಒ' ಎಂದು ಮೂರೇ ಅಕ್ಷರ ಗೀಚಿದ್ದರೆ ಅದು ಜಾನ್, ಜೊನಾಥನ್ ಅಲ್ಲ.

ಬೆಂಗಳೂರು ದಂಡುಪ್ರದೇಶದಲ್ಲಿ ಹುಟ್ಟಿದವರನ್ನು ಇಲ್ಲಿ ಹುಡುಕಿ ಫಲವಿಲ್ಲ. ಅವರ ನಮೂದುಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಮದ್ರಾಸಿನ 'ಎನ್/2' ಸರಣಿಯಲ್ಲಿವೆ.