ಹಾಟ್‌ಸ್ಪಾಟ್, ಫೈಬರ್, 5ಜಿ ಡಬ್ಬ: ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾವುದು ಉಳಿಯಿತು

ಸಾಗರದಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಪೈಪು, ಪೇಂಟು, ತಗಡು, ಮೊಳೆ. ಗೋಡೌನ್ ಇರುವುದು ರಸ್ತೆಯ ಆಚೆ, ಒಂದು ತೋಟ ದಾಟಿ, ಸುಮಾರು 250 ಮೀಟರ್ ದೂರದಲ್ಲಿ. ಹದಿನೈದು ವರ್ಷದ ಹಿಂದೆ ಅಂಗಡಿಗೆ ಇಂಟರ್ನೆಟ್ ಬೇಕು ಅಂದಿದ್ದರೆ ಅಪ್ಪ ನಗುತ್ತಿದ್ದರು. ಈಗ ಅರ್ಧ ಗಂಟೆ ನೆಟ್ ಹೋದರೆ ಮೊದಲು ಕೂಗಾಡುವವರು ಅವರೇ.

ನಮಗೆ ನೆಟ್ ಯಾತಕ್ಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ. 50,000 ರೂಪಾಯಿ ದಾಟಿದ ಮಾಲು ಲಾರಿಯಲ್ಲಿ ಹೊರಡಬೇಕಾದರೆ ಇ-ವೇ ಬಿಲ್ ಬೇಕು, ಅಂದರೆ ಸರ್ಕಾರದ ವೆಬ್‌ಸೈಟ್‌ನಲ್ಲಿ ಮಾಡುವ ಸಾಗಾಟದ ಚೀಟಿ. 2018ರ ಏಪ್ರಿಲ್‌ನಿಂದ ಕರ್ನಾಟಕದ ಒಳಗೇ ಸಾಗಿಸುವುದಕ್ಕೂ ಬೇಕು. ಆಮೇಲೆ ಯುಪಿಐ, ಪ್ಲಂಬರ್‌ಗಳು ವಾಟ್ಸಾಪ್‌ನಲ್ಲಿ ಕಳಿಸುವ ಚೀಟಿ, ಸಿಸಿಟಿವಿ, ಗೋಡೌನ್‌ನ ಸ್ಟಾಕ್. ಇದರಲ್ಲಿ ಯಾವುದಕ್ಕೂ ಭಾರೀ ಸ್ಪೀಡ್ ಬೇಡ. ಇ-ವೇ ಬಿಲ್ ಅಂದರೆ ನಾಲ್ಕು ಸಾಲು ಅಕ್ಷರ ಅಷ್ಟೇ. ಆದರೆ ಲಾರಿ ಬಾಗಿಲಲ್ಲಿ ನಿಂತಾಗ ಅದು ಆಗಲೇಬೇಕು. ಹಾಗಾಗಿ ನಾನು ಸ್ಪೀಡ್ ಟೆಸ್ಟ್ ನೋಡುವುದನ್ನು ಬಿಟ್ಟು, ನೆಟ್ ಹೋದರೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತೆ ಅನ್ನುವ ಒಂದೇ ಲೆಕ್ಕ ಹಿಡಿದೆ.

ಶುರು ಮಾಡಿದ್ದು ಎಲ್ಲರ ಹಾಗೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ. ಖರ್ಚಿಲ್ಲ, ತಂತಿ ಇಲ್ಲ, ಯಾರನ್ನೂ ಕಾಯಬೇಕಿಲ್ಲ. ತೊಂದರೆ ಒಂದೇ: ಫೋನ್ ನನ್ನ ಕಿಸೆಯಲ್ಲಿರುತ್ತೆ. ನಾನು ಬ್ಯಾಂಕಿಗೆ ಹೋದರೆ ಅಂಗಡಿಯ ಇಂಟರ್ನೆಟ್ ಕೂಡ ಬ್ಯಾಂಕಿಗೆ ಹೋಗುತ್ತೆ! ಒಂದು ದಿನ ಹೊನ್ನಾವರಕ್ಕೆ ಹೋಗುವ ಲಾರಿ ಲೋಡ್ ಆಗಿ ನಿಂತಿತ್ತು. ಬೆಳಿಗ್ಗೆ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಇಳಿಸಿಕೊಂಡು ದಿನದ 2 ಜಿಬಿಯನ್ನು ಹತ್ತು ಗಂಟೆಯೊಳಗೇ ಮುಗಿಸಿತ್ತು. ಇ-ವೇ ಬಿಲ್‌ನ ಪುಟ ತೆರೆಯುತ್ತಿಲ್ಲ, ಚಕ್ರ ತಿರುಗುತ್ತಲೇ ಇದೆ. ಡ್ರೈವರ್ ಎರಡು ಸಲ ಬಂದು ಇಣುಕಿದ. ಮೂರನೇ ಸಲ, “ಅಣ್ಣಾ, ಎಂತ ಆಯ್ತು? ಘಾಟಿ ಇಳಿಯೋದ್ರೊಳಗೆ ಕತ್ತಲಾಗ್ತದೆ” ಅಂದ. ಕೊನೆಗೆ ಪಕ್ಕದ ಜೆರಾಕ್ಸ್ ಅಂಗಡಿಗೆ ಓಡಿ ಬಿಲ್ ಮಾಡಿಸಿಕೊಂಡು ಬಂದೆ. ಹಾಟ್‌ಸ್ಪಾಟ್ ಇಟ್ಟುಕೊಳ್ಳುವುದೇ ಆದರೆ ಕಂಪ್ಯೂಟರ್‌ನ ವೈಫೈ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್’ ಅನ್ನುವುದನ್ನು ಆನ್ ಮಾಡಿಡಿ. ದೊಡ್ಡ ಅಪ್‌ಡೇಟ್‌ಗಳು ಸುಮ್ನಿರುತ್ತವೆ.

ಆಮೇಲೆ ಫೈಬರ್ ಹಾಕಿಸಿದೆ. ಊರಿನ ಕೇಬಲ್‌ನವರ ಮೂಲಕ, ತಿಂಗಳಿಗೆ ಜಿಎಸ್‌ಟಿ ಸೇರಿ 700 ರೂಪಾಯಿಗೆ ಹತ್ತಿರ. ಬಿಲ್ಲನ್ನು ಅಂಗಡಿಯ ಜಿಎಸ್‌ಟಿ ನಂಬರಿಗೇ ಮಾಡಿಸಿ, ಆ 18% ತೆರಿಗೆ ಇನ್‌ಪುಟ್ ಕ್ರೆಡಿಟ್‌ನಲ್ಲಿ ಸಿಗುತ್ತೆ, ಅಂದರೆ ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಡಿಮೆಯಾಗುತ್ತೆ. ಎಷ್ಟೋ ಜನ ಮನೆಯವರ ಹೆಸರಲ್ಲಿ ತೆಗೆದುಕೊಂಡು ಅದನ್ನು ಕಳೆದುಕೊಳ್ಳುತ್ತಾರೆ.

ಹಳೆಯ ತಾಮ್ರದ ಫೋನ್ ಲೈನಿನ ಕಾಲದಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೋಡೆಮ್ ಸುಡುವುದು ಮಾಮೂಲು. ಗುಡುಗು ಕೇಳಿದರೆ ಸಾಕು, ಅಮ್ಮ ಓಡಿ ಬಂದು ವಯರ್ ಕೀಳುತ್ತಿದ್ದರು. ಫೈಬರ್ ಗಾಜಿನ ಎಳೆ. ಅದರಲ್ಲಿ ಹೋಗುವುದು ಬೆಳಕು, ಕರೆಂಟಲ್ಲ. ಈಗ ಕರೆಂಟಿನ ಪ್ಲಗ್ ಕಿತ್ತರೆ ಸಾಕು. ಮಲೆನಾಡಿನವರಿಗೆ ಈ ಒಂದೇ ಕಾರಣಕ್ಕೆ ಫೈಬರ್ ಲೇಸು ಅಂತ ನನಗನ್ನಿಸುತ್ತೆ.

ಆದರೆ ಗಾಜು ಗಾಜೇ. ಕೇಬಲ್‌ನ ಹುಡುಗ ಎಳೆಯನ್ನು ರೋಲಿಂಗ್ ಶಟರ್‌ನ ಪಕ್ಕದ ಸಂದಿಯಿಂದ ಒಳಗೆ ತಂದಿದ್ದ. ನಾನೂ ನೋಡಿ ಸುಮ್ಮನಿದ್ದೆ. ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ವಿಚಿತ್ರ ಶುರುವಾಯಿತು: ರಾತ್ರಿ ಮನೆಯಿಂದ ಸಿಸಿಟಿವಿ ನೋಡಿದರೆ ಬರಲ್ಲ, ಬೆಳಿಗ್ಗೆ ಅಂಗಡಿ ತೆಗೆದರೆ ಎಲ್ಲ ಸರಿ. ವಾರಗಟ್ಟಲೆ ಕ್ಯಾಮೆರಾದವನ ಜೊತೆ ಜಗಳ ಆಡಿದೆ, ಪಾಪ. ಒಂದು ಸಂಜೆ ಶಟರ್ ಅರ್ಧ ಎಳೆಯುವಾಗ ಫೈಬರ್ ಬಂದು ಸೇರುವ ಡಬ್ಬದ ಕಡೆ ಕಣ್ಣು ಹೋಯಿತು. ಶಟರ್ ಕೆಳಗಿಳಿದ ಹಾಗೆ ‘ಲಾಸ್’ (LOS) ಅಂತ ಬರೆದಿರುವ, ಸಿಗ್ನಲ್ ಇಲ್ಲ ಅಂತ ಹೇಳುವ ದೀಪ ಕೆಂಪಾಯಿತು. ಮೇಲೆತ್ತಿದೆ, ಆರಿತು. ಶಟರ್ ಎಳೆಯನ್ನು ಒತ್ತಿ ಮಡಚುತ್ತಿತ್ತು. ಚೂಪಾಗಿ ಮಡಚಿದರೆ ಬೆಳಕು ತಿರುವಿನಲ್ಲೇ ಹೊರಗೆ ಸೋರಿಹೋಗುತ್ತೆ. ಗೋಡೆಗೆ ಒಂದು ತೂತು ಕೊರೆದು ನಮ್ಮದೇ ಅಂಗಡಿಯ ಅರ್ಧ ಇಂಚಿನ ಪೈಪಿನಲ್ಲಿ ಎಳೆಯನ್ನು ಒಳಗೆ ತಂದೆವು. ಖರ್ಚು ಇಪ್ಪತ್ತು ರೂಪಾಯಿ.

ಜುಲೈನಲ್ಲಿ ಇನ್ನೊಂದು ಪಾಠ. ಮರ ಬಿದ್ದು ಲೈನ್ ತುಂಡಾಯಿತು. ಜೋಡಿಸಲು ಸ್ಪ್ಲೈಸಿಂಗ್ ಮೆಷಿನ್ ಬೇಕು, ಅದು ಆ ಕೇಬಲ್‌ನವರ ಹತ್ತಿರ ಒಂದೇ ಇತ್ತು. ತಾಲ್ಲೂಕಿನ ಅರ್ಧಕ್ಕರ್ಧ ಲೈನ್ ತುಂಡಾಗಿದ್ದವು. ನಮ್ಮ ಸರದಿ ಬಂದಿದ್ದು ಒಂಬತ್ತನೇ ದಿನ.

ಆ ಒಂಬತ್ತು ದಿನದಲ್ಲೇ 5ಜಿ ಡಬ್ಬ ಬಂತು. ಮೊಬೈಲ್ ಟವರಿನ ಸಿಗ್ನಲ್ ಹಿಡಿಯಲು ಛಾವಣಿ ಮೇಲೆ ಒಂದು ಬಿಳಿ ಪೆಟ್ಟಿಗೆ, ಅಲ್ಲಿಂದ ಒಂದು ವಯರ್ ಒಳಗೆ, ಒಳಗೊಂದು ವೈಫೈ. ಫೋನ್ ಮಾಡಿದ ಮರುದಿನವೇ ಬಂದು ಹಾಕಿ ಹೋದರು. ಬೆಳಿಗ್ಗೆ ಫೈಬರಿಗಿಂತ ಜಾಸ್ತಿ ಸ್ಪೀಡ್, ಸಂಜೆ ಏಳರ ಮೇಲೆ ಇಡೀ ಊರು ಫೋನ್ ಹಿಡಿದಾಗ ಅರ್ಧಕ್ಕಿಂತ ಕಡಿಮೆ. ಅದರ ಬಗ್ಗೆ ನನ್ನ ತಕರಾರಿಲ್ಲ, ಬಿಲ್ಲಿಗೆ ಅಷ್ಟು ಸಾಕು.

ತಕರಾರು ಕರೆಂಟಿನದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ದಿನವಿಡೀ ಇಲ್ಲ. ಟವರಿನ ಬ್ಯಾಟರಿ ಒಂದಷ್ಟು ಹೊತ್ತು ಎಳೆಯುತ್ತೆ, ಆಮೇಲೆ ಮಲಗುತ್ತೆ. ನನ್ನ ಫೋನ್ ಸಿಮ್ಮೂ ಅದೇ ಕಂಪನಿಯದು, ಕೌಂಟರ್ ಮೇಲೆ ದುಡ್ಡು ಬಂತು ಅಂತ ಕೂಗುವ ಸೌಂಡ್‌ಬಾಕ್ಸ್‌ನ ಒಳಗಿರುವ ಸಿಮ್ಮೂ ಅದೇ. ಟವರ್ ಮಲಗಿದ್ದೇ ತಡ, ಮೂರೂ ಒಟ್ಟಿಗೆ ಸತ್ತವು. ಬ್ಯಾಕಪ್ ಅಂತ ಇಟ್ಟುಕೊಳ್ಳುವುದು ನಮ್ಮ ಫೋನಿಗಿಂತ ಬೇರೆ ಕಂಪನಿಯದಾಗಿರಲಿ. ಎರಡು ಕಂಪನಿಯ ಯಂತ್ರಗಳು ಒಂದೇ ಟವರಿನ ಮೇಲೆ ಕೂತಿರುವುದೂ ಉಂಟು, ಅದನ್ನೂ ಕೇಳಿಕೊಳ್ಳಿ.

ಫೈಬರಿಗೂ ಕರೆಂಟ್ ಬೇಡವೇ ಅಂದರೆ, ಬೇಕು. ಆದರೆ ಸರಿಯಾಗಿ ಹಾಕಿದ ಲೈನಿನಲ್ಲಿ ಎರಡು ತುದಿಗೆ ಮಾತ್ರ. ನಡುವೆ ಕಂಬದ ಮೇಲೆ ಬೆಳಕನ್ನು ಹಂಚುವ ಡಬ್ಬಕ್ಕೆ ಕರೆಂಟೇ ಬೇಡ. ಕೇಬಲ್‌ನವರ ಆಫೀಸಿನಲ್ಲಿ ಜನರೇಟರ್ ಇದೆ, ನನ್ನ ಕೌಂಟರ್ ಕೆಳಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇದೆ, ನಾಲ್ಕು ಗಂಟೆ ನಿಲ್ಲುತ್ತೆ. ಕೆಲವು ಕಡೆ ನಡುವೆ ಯಾರದ್ದೋ ಮನೆಯಲ್ಲಿ ‘ಸ್ವಿಚ್’ ಅನ್ನುವ, ಲೈನ್ ಹಂಚಲು ಕರೆಂಟ್ ಬೇಕಾಗುವ ಡಬ್ಬ ಇಟ್ಟಿರುತ್ತಾರೆ. ಆ ಮನೆಯವರು ಪ್ಲಗ್ ತೆಗೆದು ಮಿಕ್ಸಿ ಹಾಕಿದರೆ ನಿಮ್ಮ ಅಂಗಡಿ ಬಂದ್. ಕನೆಕ್ಷನ್ ತೆಗೆದುಕೊಳ್ಳುವಾಗ ಈ ಪ್ರಶ್ನೆ ಕೇಳಿ, ಸ್ಪೀಡ್ ಆಮೇಲೆ ಕೇಳಿದರಾಯಿತು.

ಹೀಗಾಗಿ ನಮ್ಮಲ್ಲಿ ಮುಖ್ಯ ಲೈನ್ ಫೈಬರ್. 5ಜಿ ಡಬ್ಬವನ್ನು ಮಳೆಗಾಲ ಮುಗಿದ ಮೇಲೆ ವಾಪಸ್ ಕೊಟ್ಟೆ. ಅದರ ಬದಲು ಬೇರೆ ಕಂಪನಿಯ ಸಿಮ್ ಹಾಕಿದ ಹಳೇ ಫೋನ್ ಒಂದು ಡ್ರಾಯರಿನಲ್ಲಿದೆ, ಅದು ಬ್ಯಾಂಕಿಗೆ ಹೋಗುವುದಿಲ್ಲ. ಫೈಬರ್ ಬಾರದ ಊರಾದರೆ, ಅಥವಾ ಬಾಡಿಗೆ ಅಂಗಡಿಯಾಗಿ ವರ್ಷದೊಳಗೆ ಬದಲಾಯಿಸುವವರಾದರೆ ಡಬ್ಬವೇ ಸರಿ.

ಯುಪಿಐ ಬಗ್ಗೆ ಒಂದು ಮಾತು. ಅಂಗಡಿಯ ನೆಟ್ ಸರಿ ಇದ್ದರೂ ದುಡ್ಡು ಕಳಿಸಬೇಕಾದ್ದು ಗಿರಾಕಿಯ ಫೋನ್. ಟವರ್ ಮಲಗಿದ ದಿನ ಅವರಿಗೆ ಸಿಗ್ನಲ್ ಇಲ್ಲ, ಕಿಸೆಯಲ್ಲಿ ನೋಟೂ ಇಲ್ಲ. ಈಗ ಕ್ಯೂಆರ್ ಪಕ್ಕದಲ್ಲೇ ಗೆಸ್ಟ್ ವೈಫೈ ಪಾಸ್‌ವರ್ಡ್ ಅಂಟಿಸಿದ್ದೇನೆ. ಗೆಸ್ಟ್ ಅನ್ನುವುದು ಮುಖ್ಯ: ಅದರಲ್ಲಿ ಸೇರಿದವರಿಗೆ ಬಿಲ್ಲಿಂಗ್ ಕಂಪ್ಯೂಟರ್ ಕಾಣಬಾರದು. ಮಳೆ ದಿನ ಎದುರು ಅಂಗಡಿಯ ಗಿರಾಕಿಗಳೂ ನಮ್ಮ ಕಟ್ಟೆ ಹತ್ತಿ ದುಡ್ಡು ಕಳಿಸಿ ಹೋಗುತ್ತಾರೆ. ಹೋಗುವಾಗ ಒಂದು ಟೇಪ್ ಆದರೂ ಕೊಳ್ಳುತ್ತಾರೆ.

ಅಂಗಡಿಯ ಒಳಗೆ ವೈಫೈಯೋ ವಯರೋ ಅನ್ನುವುದಕ್ಕೆ ಹೆಚ್ಚು ಮಾತು ಬೇಡ. ತಗಡಿನ ರಾಶಿ ಇರುವ ಕಡೆ ವೈಫೈ ಆಟ ನಡೆಯಲ್ಲ. ಎರಡು ಬಿಲ್ಲಿಂಗ್ ಕಂಪ್ಯೂಟರ್‌ಗೂ ವಯರ್ ಎಳೆದಿದ್ದೇನೆ, ಅಷ್ಟೇ.

ಗೋಡೌನ್‌ದು ದೊಡ್ಡ ಕಥೆ. ನೆಟ್‌ವರ್ಕ್‌ನ ತಾಮ್ರದ ವಯರ್ 100 ಮೀಟರ್‌ವರೆಗೆ ಮಾತ್ರ, ನಮ್ಮದು 250. ಸ್ವಂತ ಫೈಬರ್ ಎಳೆಯೋಣ ಅಂದರೆ ರಸ್ತೆ ದಾಟಬೇಕು, ಅನುಮತಿಗೆ ಅಲೆಯಬೇಕು. ಅದಕ್ಕೇ ವೈರ್‌ಲೆಸ್ ಬ್ರಿಡ್ಜ್ ಹಾಕಿದೆ: ಎರಡು ಛಾವಣಿ ಮೇಲೆ ಎದುರುಬದುರಾಗಿ ಒಂದೊಂದು ಸಣ್ಣ ಆಂಟೆನಾ. ಇವು ಬಳಸುವ 5 ಗಿಗಾಹರ್ಟ್ಸ್‌ನ ರೇಡಿಯೋ ಅಲೆಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ವಯರ್, ಕ್ಲಾಂಪ್ ಎಲ್ಲ ಸೇರಿ ಏಳು ಸಾವಿರದೊಳಗೆ ಮುಗಿಯಿತು. ಮಾರ್ಚ್‌ನಲ್ಲಿ ಹಾಕಿದ್ದು, ಎಂಥಾ ಚಂದ ಓಡಿತು ಅಂದರೆ ಗೋಡೌನಿನ ಹುಡುಗ ಅಲ್ಲಿಂದಲೇ ಸ್ಟಾಕ್ ಬರೆಯತೊಡಗಿದ, ಓಡಾಟ ತಪ್ಪಿತು.

ಜೂನ್ ಎರಡನೇ ವಾರ ಲಿಂಕ್ ಕುಂಟತೊಡಗಿತು. ಮಳೆ ಅಂದುಕೊಂಡೆ. ಮಳೆ ನಿಂತರೂ ಸರಿಯಾಗಲಿಲ್ಲ. ಹಾಕಿಕೊಟ್ಟವರು ಬಂದು ಛಾವಣಿ ಹತ್ತಿ ಆಚೆ ನೋಡಿ, “ಎಂತ ಮಾರಾಯ್ರೆ, ನಡುವೆ ತೇಗ ಉಂಟಲ್ಲ!” ಅಂದರು. ಮಾರ್ಚ್‌ನಲ್ಲಿ ತೇಗ ಎಲೆ ಉದುರಿಸಿ ಬೋಳಾಗಿತ್ತು, ಆಂಟೆನಾಗೆ ಆಂಟೆನಾ ಕಾಣುತ್ತಿತ್ತು. ಈಗ ಮೊರದಗಲದ ಎಲೆ, ಪ್ರತಿ ಎಲೆ ಮೇಲೂ ನೀರು. ಈ ಅಲೆಗಳಿಗೆ ಒದ್ದೆ ಎಲೆ ಅಂದರೆ ಗೋಡೆ ಇದ್ದ ಹಾಗೆ. ಮರ ತೋಟದವರದು, ಕಡಿಯಿರಿ ಅನ್ನುವ ಹಾಗಿಲ್ಲ, ನನಗೂ ಮನಸ್ಸಿಲ್ಲ. ಗೋಡೌನ್ ಮೇಲೆ ಎರಡು ಇಂಚಿನ ಜಿಐ ಪೈಪ್ ನಿಲ್ಲಿಸಿ ಆಂಟೆನಾವನ್ನು ಹನ್ನೆರಡು ಅಡಿ ಎತ್ತಿದೆವು. ಸಿಡಿಲಿಗೆ ಅರ್ತಿಂಗ್ ಕೂಡ ಕೊಟ್ಟೆವು. ಲಿಂಕ್ ಮತ್ತೆ ಬಂತು.

ಮೊನ್ನೆ ತೋಟದವರು ಮೊಳೆ ತಗೊಳ್ಳಲು ಬಂದಿದ್ದರು. ಆ ತೇಗ ಇನ್ನೆಷ್ಟು ಎತ್ತರ ಹೋಗಬಹುದು ಅಂತ ಕೇಳಿದೆ. “ಈಗಿನ್ನೂ ಎಳೇದು” ಅಂದರು. ಅದೇ ಅಳತೆಯ ಇನ್ನೊಂದು ಪೈಪನ್ನು ಮಾರದೆ ಪಕ್ಕಕ್ಕೆ ತೆಗೆದಿಟ್ಟಿದ್ದೇನೆ.