ತೋಡಿನ ಕಟ್ಟಕ್ಕೆ ಯಾವ ಗೋಣಿ? ಎನ್ನೆಸ್ಸೆಸ್ ಘಟಕಗಳಿಗೊಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಕ್ಕೆ ವಾರ್ಷಿಕ ಶಿಬಿರದಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ (ಬೇಸಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುವ ಯೋಚನೆ ಇದ್ದರೆ ಹಿಂಡಿ ಗೋಣಿಯನ್ನೇ ಹುಡುಕಿ. ಅಂದರೆ ದನದ ಹಟ್ಟಿಗೆ ಪಶು ಆಹಾರ ತುಂಬಿಕೊಂಡು ಬರುವ 50 ಕಿಲೋದ ಪ್ಲಾಸ್ಟಿಕ್ ಗೋಣಿ. ಹೆಚ್ಚಿನವರು ಕೈಗೆ ಸಿಗುತ್ತದೆಂದು ಸಿಮೆಂಟ್ ಗೋಣಿಗೆ ಹೋಗುತ್ತಾರೆ. ಅನುದಾನ ಸ್ವಲ್ಪ ಉಳಿದಿದ್ದರೆ ಮಂಗಳೂರಿನ ಬಂದರಿನ ಹೋಲ್‌ಸೇಲ್ ಅಂಗಡಿಗಳಿಂದ ಹೊಸ ಬಿಳಿ ಗೋಣಿ ತರುತ್ತಾರೆ. ಪರಿಸರದ ಕಾಳಜಿ ಇರುವವರು ಸೆಣಬಿನ ಗೋಣಿ ಕೇಳುತ್ತಾರೆ. ನಾಲ್ಕನ್ನೂ ನೀರಿಗಿಳಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸಮುದ್ರ ಸೇರುತ್ತದೆ. ಜನವರಿ ಕಳೆಯುವಾಗ ಸಣ್ಣ ತೋಡುಗಳ ಹರಿವು ನಿಲ್ಲುತ್ತದೆ, ಬೈಲಿನ ಬಾವಿಗಳು ಕೆಳಗಿಳಿಯುತ್ತವೆ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಹರಿವು ತಗ್ಗಿದ ಹೊತ್ತಿಗೆ ಕಟ್ಟ ಹಾಕಿದರೆ ಅಕ್ಕಪಕ್ಕದ ತೋಟಕ್ಕೂ ಬಾವಿಗೂ ಇನ್ನಷ್ಟು ದಿನ ನೀರು ದಕ್ಕುತ್ತದೆ. ಏಳು ದಿನದ ವಿಶೇಷ ಶಿಬಿರಕ್ಕೆ ಹೇಳಿ ಮಾಡಿಸಿದ ಕೆಲಸ ಇದು. ನೂರು ಮಂದಿಯ ಘಟಕದಲ್ಲಿ ಐವತ್ತು ಮಂದಿ ಶಿಬಿರಕ್ಕೆ ಬಂದರೂ ಸಾಕು.

ಲೆಕ್ಕ ಹೀಗೆ ಹಾಕಿ. ತೋಡಿನ ಅಗಲ 15 ಅಡಿ, ಕಟ್ಟದ ಎತ್ತರ 3 ಅಡಿ ಇದ್ದರೆ ಬುಡದ ದಪ್ಪ 6 ಅಡಿ, ತಲೆಯ ದಪ್ಪ 2 ಅಡಿ ಬೇಕು. ಒಟ್ಟು 180 ಘನ ಅಡಿ. ವಿದ್ಯಾರ್ಥಿಗಳು ಕೈಯಿಂದ ಕೈಗೆ ದಾಟಿಸಬೇಕಾದ ಗೋಣಿ 30 ಕಿಲೋ ಮೀರಬಾರದು. ಅಷ್ಟು ಮರಳು ಸುಮಾರು 0.7 ಘನ ಅಡಿ ಆಗುತ್ತದೆ. ಹಾಗಾಗಿ ಸುಮಾರು 250 ಗೋಣಿ, ಹರಿದು ಹೋಗುವುದಕ್ಕೆ 30 ಹೆಚ್ಚು. ಏಳೆಂಟು ಟನ್ ಮರಳನ್ನು ಎತ್ತಬೇಕು ಎಂಬುದನ್ನು ಘಟಕ ನಡೆಸುವ ಯೋಜನಾಧಿಕಾರಿಗಳು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಒಂದೇ ಬೆಳಿಗ್ಗೆಯಲ್ಲಿ ಮುಗಿಸುವ ಆಸೆ ಹೋಗುತ್ತದೆ. ಮೂರು ಬೆಳಿಗ್ಗೆ ಇಟ್ಟುಕೊಳ್ಳಿ: ಬುಡ ಬಿಡಿಸುವುದಕ್ಕೆ ಒಂದು, ಗೋಣಿ ತುಂಬಿ ಇಡುವುದಕ್ಕೆ ಒಂದು, ಪ್ಲಾಸ್ಟಿಕ್ ಶೀಟು ಮತ್ತು ಬದಿ ಕೆಲಸಕ್ಕೆ ಒಂದು.

ಈಗ ಸಿಮೆಂಟ್ ಗೋಣಿಯ ವಿಷಯ. ಇದರ ಮೂಲ ಸಮಸ್ಯೆ ಬಾಯಿಯದ್ದು. ಸಿಮೆಂಟ್ ಗೋಣಿ ಎರಡೂ ತುದಿ ಮುಚ್ಚಿಕೊಂಡೇ ಬರುತ್ತದೆ, ಕಾರ್ಖಾನೆಯಲ್ಲಿ ಮೂಲೆಯ ಸಣ್ಣ ಕಿಂಡಿಯಿಂದ ತುಂಬಿಸುತ್ತಾರೆ. ಸೈಟಿನಲ್ಲಿ ಮೇಸ್ತ್ರಿ ಅದನ್ನು ಮಲಗಿಸಿ, ಹಾರೆಯ ಅಂಚಿನಿಂದ ನಡುವಿಗೇ ಒಂದು ಹೊಡೆದು, ಎರಡು ಭಾಗ ಮಾಡಿ ಸುರಿಯುತ್ತಾನೆ. ಅವನಿಗೆ ಅದೇ ಸುಲಭ. ನಮಗೆ ಸಿಗುವುದು ನಡು ಸೀಳಿದ ಗೋಣಿ. ಕಟ್ಟು ಕಟ್ಟಿಕೊಂಡು ಬಂದಾಗ ಮುನ್ನೂರು ಇದ್ದಂತೆ ಕಾಣುತ್ತದೆ, ಬಿಚ್ಚಿ ನೋಡಿದರೆ ಬಾಯಿ ಸರಿ ಇರುವವು ಅರ್ಧದಷ್ಟೂ ಇರುವುದಿಲ್ಲ. ಉಳಿದದ್ದಕ್ಕೆ ದಬ್ಬಣ, ಸುತ್ಲಿ ಹಿಡಿದು ಹೊಲಿಯುತ್ತ ಕೂರಬೇಕು. ಅಷ್ಟು ಮಾಡಿದರೂ ಸೀಳಿದ ಅಂಚಿನಿಂದ ನೂಲು ಬಿಟ್ಟುಕೊಂಡು ತುಂಬುವಾಗಲೇ ಹೊಲಿಗೆ ಜಾರುತ್ತದೆ.

ಬಾಯಿ ಸರಿ ಇರುವ ಗೋಣಿಯಲ್ಲೂ ಗಾತ್ರದ ತೊಡಕು ಇದೆ. ಒಂದು ಚೀಲ ಸಿಮೆಂಟು ಎಂದರೆ 1.25 ಘನ ಅಡಿ, ಅಷ್ಟೇ. 30 ಕಿಲೋ ಮರಳು ಹಾಕಿದಾಗ ಅರ್ಧಕ್ಕಿಂತ ಮೇಲೆ ತುಂಬುತ್ತದೆ. ಮೇಲೆ ಉಳಿಯುವ ಬಟ್ಟೆ ಮಡಚಿ ಅಡಿಗೆ ಸಿಕ್ಕಿಸಲು ಸಾಲುವುದಿಲ್ಲ, ಪ್ರತಿಯೊಂದನ್ನೂ ಕಟ್ಟಲೇಬೇಕು. ಕಟ್ಟಿದ ಗಂಟು ಎರಡು ಸಾಲುಗಳ ನಡುವೆ ಉಬ್ಬಿ ನಿಂತು ಮೇಲಿನ ಗೋಣಿ ಚೆನ್ನಾಗಿ ಕೂರದಂತೆ ಮಾಡುತ್ತದೆ. ಆ ಸಂದಿಯಲ್ಲಿ ನೀರು ಹಾದಿ ಮಾಡಿಕೊಳ್ಳುತ್ತದೆ.

ಇನ್ನು ಒಳಗೆ ಅಂಟಿಕೊಂಡ ಹುಡಿ. ನೆನೆದ ಸಿಮೆಂಟು ಕ್ಷಾರ. ಒದ್ದೆ ಕೈಯಲ್ಲಿ ಗಂಟೆಗಟ್ಟಲೆ ಹಿಡಿದ ಮಕ್ಕಳ ಬೆರಳ ಸಂದಿ ಉರಿಯುತ್ತದೆ. ತೋಡಿನಲ್ಲೇ ಗೋಣಿ ಜಾಲಾಡಿದರೆ ಹರಿವು ಕಡಿಮೆ ಇರುವ ಆ ನೀರಿನಲ್ಲಿ ಮೀನಿಗೆ ಕೇಡು. ಗೋಣಿ ತೊಳೆಯುವುದಿದ್ದರೆ ತೋಡಿನಿಂದ ದೂರ, ಗುಡ್ಡೆಯ ಬದಿಯಲ್ಲಿ ತೊಳೆಯಿರಿ.

ಆದರೆ ಇದೆಲ್ಲಕ್ಕಿಂತ ದೊಡ್ಡ ತಾಪತ್ರಯ ಗೊತ್ತಾಗುವುದು ಮೇ ತಿಂಗಳಲ್ಲಿ. ಈ ಗೋಣಿಗಳ ಪ್ಲಾಸ್ಟಿಕ್ ಎಳೆ ಬಿಸಿಲನ್ನು ತಾಳುವುದಿಲ್ಲ, ಅತಿನೇರಳೆ ಕಿರಣಕ್ಕೆ ಒಂದೊಂದೇ ಎಳೆ ಒಣಗಿ ಮುರಿಯುತ್ತದೆ. ಸಿಮೆಂಟ್ ಗೋಣಿ ನಮ್ಮ ಕೈಗೆ ಬರುವ ಮೊದಲೇ ಸೈಟಿನ ಮೂಲೆಯಲ್ಲಿ ಬಿಸಿಲಿಗೆ ಬಿದ್ದು ಅರ್ಧ ಆಯುಷ್ಯ ಕಳೆದಿರುತ್ತದೆ. ಮಳೆಗಾಲಕ್ಕೆ ಮೊದಲು ಕಟ್ಟ ಬಿಚ್ಚಲು ಹೋದಾಗ ನೀರಿನಡಿಯ ಸಾಲು ಗಟ್ಟಿ ಇರುತ್ತದೆ, ನೀರಿನ ಮೇಲಿದ್ದ ಎರಡು ಸಾಲು ಹಿಡಿದ ಕೂಡಲೇ ಪುಡಿಯಾಗುತ್ತದೆ. ಕೈಯಲ್ಲಿ ಉಳಿಯುವುದು ಒಂದು ಹಿಡಿ ಬಿಳಿ ಎಳೆ. ಉಳಿದದ್ದು ಕೇದಗೆ ಬೇರಿಗೂ ಕಲ್ಲಿನ ಸಂದಿಗೂ ಸುತ್ತಿಕೊಂಡು, ಮೊದಲ ಮಳೆಗೆ ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಕಡಲತೀರದ ಸ್ವಚ್ಛತೆಗೆ ಹೋಗುವ ಘಟಕಗಳೇ ತೋಡಿಗೆ ಪ್ಲಾಸ್ಟಿಕ್ ಎಳೆ ಸೇರಿಸುವುದು ನನಗೆ ಒಪ್ಪಿತವಲ್ಲ. ಗೋಣಿ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ: ಮೇ ಮೂರನೇ ವಾರದಲ್ಲಿ ಅದು ಇಡಿಯಾಗಿ ಮೇಲೆ ಬರುತ್ತದೋ ಇಲ್ಲವೋ.

ಹೊಸ ಬಿಳಿ ಗೋಣಿ ನೋಡಲು ಚಂದ, ಬಾಯಿ ಶುದ್ಧ, ತುಂಬುವುದು ಬೇಗ. ಸಮಸ್ಯೆ ತೂಕದಲ್ಲಿದೆ. ಅಗ್ಗದ್ದು ತೆಳು. ಅಂಗಡಿಯಲ್ಲಿ ಗೋಣಿಯ ಅಳತೆ ಮಾತ್ರ ಕೇಳಬೇಡಿ, ಒಂದು ಖಾಲಿ ಗೋಣಿ ಎಷ್ಟು ಗ್ರಾಂ ತೂಗುತ್ತದೆ ಎಂದು ಕೇಳಿ, ತಕ್ಕಡಿಯಲ್ಲಿಟ್ಟು ನೋಡಿ. ಬೆಳಕಿಗೆ ಹಿಡಿದಾಗ ನೇಯ್ಗೆಯ ನಡುವೆ ಆಚೆ ಕಂಡರೆ ಬೇಡ. ದಪ್ಪದ್ದು ಖಂಡಿತ ಒಳ್ಳೆಯದು. ಆದರೆ 280 ಗೋಣಿಯ ಹಣ, ಊಟಕ್ಕೇ ಬಿಗಿ ಹಿಡಿದು ಖರ್ಚು ಮಾಡುವ ಶಿಬಿರದ ಲೆಕ್ಕದಲ್ಲಿ ಸಣ್ಣದಲ್ಲ. ಪ್ರಾಯೋಜಕರು ಸಿಕ್ಕಿದರೆ ಮಾತ್ರ.

ಸೆಣಬಿನ ಗೋಣಿ ನೀರು ಕುಡಿದು ಉಬ್ಬಿ ಸಂದಿ ಮುಚ್ಚುತ್ತದೆ, ಒಂದರ ಮೇಲೊಂದು ಜಾರುವುದೂ ಇಲ್ಲ. ಕೂರುವ ವಿಷಯದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಬೆಲೆ ಹೆಚ್ಚು, ಮತ್ತು ಬೇಸಗೆ ಮುಗಿಯುವ ಮೊದಲೇ ಅಡಿಯ ಸಾಲು ಕೊಳೆತು ಬಾಯಿ ಬಿಡುತ್ತದೆ. ಪ್ಲಾಸ್ಟಿಕ್ ಉಳಿಯುವುದಿಲ್ಲ ಎಂಬ ಒಂದು ಕಾರಣಕ್ಕೆ, ಎರಡಡಿ ಎತ್ತರದ ಸಣ್ಣ ಒಡ್ಡಿಗಾದರೆ ಒಪ್ಪುತ್ತೇನೆ.

ಹಿಂಡಿ ಗೋಣಿ ಇವೆಲ್ಲಕ್ಕಿಂತ ಮೇಲೆ ನಿಲ್ಲುವುದಕ್ಕೆ ಸರಳ ಕಾರಣ ಇದೆ. ಪಶು ಆಹಾರ ಸಿಮೆಂಟಿನಷ್ಟು ಭಾರದ ವಸ್ತುವಲ್ಲ. ಅದೇ 50 ಕಿಲೋ ಹಿಡಿಯಲು ಗೋಣಿ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಿರಬೇಕು. 30 ಕಿಲೋ ಮರಳು ಹಾಕಿದರೆ ಮೂರನೇ ಒಂದು ಭಾಗವೂ ತುಂಬುವುದಿಲ್ಲ. ಮೇಲೆ ಉಳಿದ ಉದ್ದದ ಬಟ್ಟೆಯನ್ನು ಮಡಚಿ ಗೋಣಿಯ ಅಡಿಗೇ ಸೇರಿಸಿದರೆ ಅದರದ್ದೇ ಭಾರಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಗ್ಗ ಬೇಡ, ಗಂಟು ಬೇಡ, ಗೋಣಿ ಚಪ್ಪಟೆಯಾಗಿ ಕೂರುತ್ತದೆ. ಬಿಚ್ಚುವಾಗಲೂ ಎರಡು ಮೂಲೆ ಹಿಡಿದು ಎತ್ತಿದರೆ ಮರಳು ಅಲ್ಲೇ ಸುರಿದು ಗೋಣಿ ಖಾಲಿ. ಹಟ್ಟಿಯ ನೆರಳಲ್ಲೇ ಇದ್ದ ಕಾರಣ ಎಳೆ ಗಟ್ಟಿ ಇರುತ್ತದೆ. ಬಾಯಿಯನ್ನು ನೂಲಿನಿಂದ ಹೊಲಿದಿರುತ್ತಾರೆ, ಸರಿಯಾದ ತುದಿಯ ನೂಲು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಕತ್ತಿ ತಾಗಿಸುವ ಅಗತ್ಯವೇ ಇಲ್ಲ.

ಇದನ್ನು ಸೇರಿಸುವುದಕ್ಕೆ ಸಮಯ ಮುಖ್ಯ. ಡಿಸೆಂಬರ್‌ನಲ್ಲಿ ಕೇಳಿದರೆ ಸಿಗುವುದಿಲ್ಲ, ಅಡಿಕೆ ಕೊಯ್ಲಿನ ಹೊತ್ತಿಗೆ ಕೃಷಿಕರಿಗೇ ಗೋಣಿ ಬೇಕು. ಸೆಪ್ಟೆಂಬರ್ 24 ಎನ್ನೆಸ್ಸೆಸ್ ದಿನ, 1969ರಲ್ಲಿ ಯೋಜನೆ ಆರಂಭವಾದ ದಿನ. ಕಾರ್ಯಕ್ರಮ ಹೇಗೂ ಇರುತ್ತದೆ. ಆ ವಾರವೇ ಶಿಬಿರದ ಊರಿನ ಹಾಲಿನ ಸೊಸೈಟಿಗೆ ಹೋಗಿ ಬೆಳಗ್ಗಿನ ಹಾಲು ಅಳೆಯುವ ಹೊತ್ತಿಗೆ ಮಾತಾಡಿ. ಕಾರ್ಯದರ್ಶಿಯವರು ಒಂದು ಮಾತು ಹೇಳಿದರೆ ಸದಸ್ಯರು ಕ್ಯಾನಿನ ಜೊತೆಗೇ ನಾಲ್ಕೈದು ಗೋಣಿ ತಂದಿಡುತ್ತಾರೆ. ತಮ್ಮ ತೋಡಿಗೆ ಅಂದರೆ ಕೊಡದವರು ಕಡಿಮೆ. ಗುಜರಿಯವರಿಗೆ ಮಾರುವ ಮನೆಗಳೂ ಇವೆ, ಅಲ್ಲಿ ಅದೇ ದರ ಕೊಟ್ಟು ತೆಗೆದುಕೊಳ್ಳಿ.

ಕುಂದೂ ಇದೆ. ಹೊರಗೆ ನುಣುಪು ಪದರ, ಬಣ್ಣದ ಚಿತ್ರ ಇರುವ ಗೋಣಿಗಳು ಒದ್ದೆಯಾದಾಗ ಒಂದರ ಮೇಲೊಂದು ಜಾರುತ್ತವೆ. ಅಂಥವನ್ನು ಬೇರೆ ಮಾಡಿ ಬುಡದ ಮೊದಲ ಸಾಲಿಗೆ ಮಾತ್ರ ಹಾಕಿ, ಅಥವಾ ಒಳಮೈ ಹೊರಗೆ ಮಾಡಿ ತುಂಬಿ. ಮೂಲೆಯಲ್ಲಿ ಹಿಂಡಿ ಉಳಿದಿದ್ದರೆ ಕೊಡವಿ ತೆಗೆಯಿರಿ. ಇಲ್ಲದಿದ್ದರೆ ಕೂಡಿಟ್ಟ ಕಡೆ ಇಲಿ ಬಂದು ತೂತು ಮಾಡುತ್ತದೆ, ಇಲಿಜ್ವರದ ಊರಿನಲ್ಲಿ ಅದು ಬೇರೆಯೇ ಭಯ. ಕಾಲಿನಲ್ಲಿ ಗಾಯ ಇರುವವರನ್ನು ನೀರಿಗಿಳಿಸಬೇಡಿ. ಗೋಣಿಯ ಪರೀಕ್ಷೆ ಸುಲಭ: ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಬಿಳಿ ಹುಡಿ ಅಂಟಿದರೆ ಬದಿಗಿಡಿ.

ಯಾವ ಗೋಣಿಯಾದರೂ ಹಾಕುವ ಕ್ರಮ ಒಂದೇ. ಗ್ರಾಮ ಪಂಚಾಯತ್‌ನ ಒಪ್ಪಿಗೆ, ಎರಡೂ ದಡದ ಜಾಗದವರ ಒಪ್ಪಿಗೆ ಮೊದಲು. ಕೆಳಗಿನ ತೋಟದವರಿಗೂ ನೀರು ಹೋಗಬೇಕು ಎಂಬುದನ್ನು ಅವರೊಡನೆ ಕೂತು ಮಾತಾಡಿ. ಬುಡದ ಕಸ, ಸಡಿಲ ಮರಳು ತೆಗೆದು ಅರ್ಧ ಅಡಿ ಅಗೆಯಿರಿ. ಎರಡೂ ದಡದೊಳಗೆ ಒಂದೊಂದು ಅಡಿ ಕೊರೆದು ಗೋಣಿಯ ಸಾಲನ್ನು ಒಳಗೆ ಹೊಗಿಸಿ. ಕಟ್ಟ ಸೋಲುವುದು ನಡುವಿನಲ್ಲಿ ಅಪರೂಪ, ನೀರು ಬದಿಯ ಮಣ್ಣು ಕೊರೆದುಕೊಂಡು ಹೋಗುವುದೇ ಹೆಚ್ಚು. ಗೋಣಿ ಉದ್ದಕ್ಕೆ ಹರಿವಿನ ದಿಕ್ಕಿಗಿರಲಿ, ಮೇಲಿನ ಸಾಲು ಕೆಳಗಿನ ಎರಡರ ಸಂದಿಯ ಮೇಲೆ ಬರಲಿ, ಪ್ರತಿ ಸಾಲನ್ನೂ ತುಳಿದು ಕೂರಿಸಿ. ತುಂಬುವುದಕ್ಕೆ ತೋಡಿನದೇ ಮರಳು ಸಾಕು, ಮೇ ತಿಂಗಳಲ್ಲಿ ಅಲ್ಲೇ ಸುರಿಯಬಹುದು. ಗುಡ್ಡೆಯ ಕೆಂಪು ಮಣ್ಣು ತುಂಬಿದರೆ ಬಿಚ್ಚುವ ದಿನ ಇಡೀ ತೋಡು ರಾಡಿ.

ನೀರು ನಿಲ್ಲುವ ಬದಿಗೆ 120 ಜಿಎಸ್‌ಎಂಗೆ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಕಡಿಮೆ ಇಲ್ಲದ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಶೀಟು ಹಾಸಿ. ಮೇಲಿನ ಅಳತೆಗೆ 18×12 ಅಡಿಯದ್ದು ಹಿಡಿಯುತ್ತದೆ. ಬುಡದಿಂದ ಮೂರಡಿ ಮುಂದಕ್ಕೆ ಬಿಟ್ಟು, ತುದಿಯನ್ನು ಅರ್ಧ ಅಡಿ ಹೂತು, ಅದರ ಮೇಲೆ ಒಂದು ಸಾಲು ಗೋಣಿ. ಈ ಹೂಳುವ ಕೆಲಸ ಬಿಟ್ಟರೆ ನೀರು ಅಡಿಯಿಂದ ನುಗ್ಗಿ ಮರಳು ಎಳೆದುಕೊಂಡು ಹೋಗುತ್ತದೆ, ಯಾವ ಗೋಣಿಯೂ ಕಾಪಾಡುವುದಿಲ್ಲ. ನಡುವೆ ಒಂದು ಗೋಣಿಯಷ್ಟು ತಗ್ಗು ಬಿಡಿ, ಹೆಚ್ಚಾದ ನೀರು ಅಲ್ಲಿಂದಲೇ ಬೀಳಲಿ. ಬೀಳುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಿ.

ಊರಿನಲ್ಲಿ ಮಣ್ಣು, ಕಲ್ಲು, ಸೀಳಿದ ಅಡಿಕೆ ಮರದಿಂದ ಕಟ್ಟ ಹಾಕಬಲ್ಲ ಹಿರಿಯರು ಇದ್ದರೆ ಅವರ ಕೈಕೆಳಗೆ ಕೆಲಸ ಮಾಡಿ, ಗೋಣಿಯ ಮಾತೇ ಬೇಡ. ಹಲಗೆ ಇಲ್ಲದೆ ಬಿದ್ದಿರುವ ಕಿಂಡಿ ಅಣೆಕಟ್ಟು (ಕಂಬಗಳ ನಡುವಿನ ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಟ್ಟೆ) ಇದ್ದರೆ ಅದಕ್ಕೆ ಹಲಗೆ ಹೊಂದಿಸಿ ನಡುವೆ ಮಣ್ಣು ತುಂಬುವುದು ಇನ್ನೂ ಒಳ್ಳೆಯ ಶ್ರಮದಾನ.

ಬಿಚ್ಚುವ ಕೆಲಸವನ್ನು ಶಿಬಿರದ ಕೊನೆಯ ದಿನವೇ ಬರೆದಿಡಿ. ಮೇ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆ, ರಜೆ. ಯಾರೂ ಬಾರದಿದ್ದರೆ ಹೊರೆ ತೋಟದವರ ಮೇಲೆ. ಸ್ವಯಂಸೇವಕರು ವರ್ಷಕ್ಕೆ ಮಾಡಬೇಕಾದ 120 ಗಂಟೆ ಸೇವೆಯ ಲೆಕ್ಕದಲ್ಲಿ ಒಂದು ಬೆಳಿಗ್ಗೆಯನ್ನು ಇದಕ್ಕೇ ಮೀಸಲಿಟ್ಟು, ಹತ್ತಿರದ ಊರಿನ ಹದಿನೈದು ಮಂದಿಯ ಹೆಸರು ಈಗಲೇ ಗೊತ್ತು ಮಾಡಿ. ಹಾಕಿದ ಗೋಣಿ ಎಷ್ಟು, ಮೇಲೆ ಬಂದದ್ದು ಎಷ್ಟು ಎಂದು ಘಟಕದ ಪುಸ್ತಕದಲ್ಲಿ ಎರಡು ಅಂಕಣ ಇರಲಿ. ಕೆಲಸ ಮೇಲಿನ ಸಾಲಿನಿಂದ ಶುರು ಮಾಡಿ. ಎತ್ತುವ ಮೊದಲು ಕೋಲಿನಿಂದ ತಟ್ಟಿ, ಸಂದಿಯಲ್ಲಿ ಹಾವು ಇರಬಹುದು. ಗಟ್ಟಿ ಇರುವ ಗೋಣಿಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, 25ರ ಕಟ್ಟು ಮಾಡಿ ಸೊಸೈಟಿಯ ಅಟ್ಟದಲ್ಲೋ ಶಾಲೆಯ ಕೋಣೆಯಲ್ಲೋ ಇಡಿ. ಮರುವರ್ಷ ಕೆಳಗಿನ ಸಾಲುಗಳಿಗೆ ಅವೇ ಆಗುತ್ತವೆ, ಬಿಸಿಲು ಬೀಳುವ ಮೇಲಿನ ಎರಡು ಸಾಲಿಗೆ ಮಾತ್ರ ಬೇರೆ ಗೋಣಿ ಕೇಳಿದರೆ ಸಾಕು.