ಸಿಟ್‌ಕಾಮ್ ಹಳತಾದಾಗ ಬೆರಗಾಗುವವರು ಯಾರು? ಐದು ಧಾರಾವಾಹಿಗಳ ಹೋಲಿಕೆ

ಆರು ಗೆಳೆಯರ ಕಥೆಯಾದ ಅಮೆರಿಕನ್ ಸಿಟ್‌ಕಾಮ್ (ಹಾಸ್ಯ ಧಾರಾವಾಹಿ) 'ಫ್ರೆಂಡ್ಸ್'ನ ಮೊದಲ ಕಂತಿನಲ್ಲಿ (1994) ಹೆಂಡತಿ ಬಿಟ್ಟುಹೋದ ರಾಸ್‌ಗೆ ಸಮಾಧಾನ ಹೇಳುವವನು ಗೆಳೆಯ ಜೋಯಿ. ಹೆಂಗಸರು ಐಸ್‌ಕ್ರೀಮ್ ಇದ್ದ ಹಾಗೆ, ಎಷ್ಟೊಂದು ರುಚಿಗಳಿವೆ, ಚಮಚ ಕೈಗೆ ತಗೋ ಅನ್ನುತ್ತಾನೆ. ಒರಟು ಮಾತು, ಆದರೆ ಪೆದ್ದು ಮಾತಲ್ಲ. ಊರು ಕಂಡವನ ಮಾತು. ಅಲ್ಲಿಂದ ಹತ್ತನೇ ಸೀಸನ್ನಿಗೆ (2004) ಬನ್ನಿ. ಗೆಳತಿ ಫೀಬಿ ಅವನಿಗೆ ಫ್ರೆಂಚ್ ಕಲಿಸುತ್ತಿದ್ದಾಳೆ. ಒಂದೊಂದೇ ತುಂಡನ್ನು ಸರಿಯಾಗಿ ಹೇಳುವವನು, ಜೋಡಿಸಿ ಹೇಳು ಅಂದ ಕೂಡಲೇ ಬಾಯಿಗೆ ಬಂದದ್ದು ಒದರುತ್ತಾನೆ. ತಾನು ಸರಿಯಾಗಿಯೇ ಹೇಳಿದೆ ಎಂಬ ಭ್ರಮೆ ಬೇರೆ.

ಒಂದು ಗುಣ ಉಬ್ಬಿ ಇಡೀ ಪಾತ್ರವನ್ನೇ ನುಂಗುವುದಕ್ಕೆ ಟೀವಿ ಅಭಿಮಾನಿಗಳು 'ಫ್ಲ್ಯಾಂಡರೈಸೇಶನ್' ಅನ್ನುತ್ತಾರೆ. ಕಾರ್ಟೂನ್ ಧಾರಾವಾಹಿ 'ದಿ ಸಿಂಪ್ಸನ್ಸ್'ನ ಪಕ್ಕದ ಮನೆಯ ನೆಡ್ ಫ್ಲ್ಯಾಂಡರ್ಸ್‌ನಿಂದ ಬಂದ ಹೆಸರು. ಹೆಸರೇನೋ ಚೆನ್ನಾಗಿದೆ, ಆದರೆ ಅದು ಲಕ್ಷಣವನ್ನು ಹೇಳುತ್ತದೆ, ಕಾರಣವನ್ನಲ್ಲ. ಕಾರಣ ಬೇಕಿದ್ದರೆ ನಗಿಸುವವನನ್ನು ಬಿಟ್ಟು ಅವನ ಪಕ್ಕದಲ್ಲಿ ನಿಂತವರ ಮುಖ ನೋಡಬೇಕು. ಯಕ್ಷಗಾನದಲ್ಲಿ ಹಾಸ್ಯಗಾರ ಎಷ್ಟೇ ಚುರುಕಾಗಿರಲಿ, ಭಾಗವತರು "ಹೌದೇನು? ಹಾಗೆಂದರೆ?" ಎಂದು ಕೇಳದಿದ್ದರೆ ಮಾತು ಮೇಲೇಳುವುದಿಲ್ಲ. ಇಲ್ಲೂ ಅಷ್ಟೇ. ಮೊದಲ ವರ್ಷ ಒಬ್ಬ ವಿಚಿತ್ರವಾಗಿ ಆಡಿದರೆ ಉಳಿದವರು ಬೆರಗಾಗುತ್ತಾರೆ. ಆರನೇ ವರ್ಷಕ್ಕೆ ಅವರಿಗೆ ಅದು ರೂಢಿ. ಮತ್ತೆ ಬೆರಗು ಹುಟ್ಟಬೇಕಾದರೆ ವಿಚಿತ್ರವನ್ನು ಇನ್ನೊಂದು ಹಿಡಿ ಹೆಚ್ಚು ಹಾಕಬೇಕು. ಅದಕ್ಕೂ ಒಗ್ಗಿಕೊಂಡರೆ ಮತ್ತೊಂದು ಹಿಡಿ. ಜೋಯಿ ಪೆದ್ದನಾದದ್ದು ಹೀಗೆ, ಹಿಡಿ ಹಿಡಿಯಾಗಿ.

ಐದು ಅಮೆರಿಕನ್ ಧಾರಾವಾಹಿಗಳನ್ನು ಈ ಒಂದೇ ಅಳತೆಗೋಲಿನಿಂದ ನೋಡಿದ ಫಲ ಮುಂದಿದೆ. ನೀವೇ ನೋಡುವುದಾದರೆ ವಿಧಾನ ಸರಳ. ಪ್ರತಿ ಧಾರಾವಾಹಿಯಿಂದ ಮೂರು ತುಂಡು: ಎರಡನೇ ಸೀಸನ್, ನಡುವಿನದೊಂದು, ಕೊನೆಗೆ ಹತ್ತಿರದ್ದೊಂದು. ಪ್ರತಿ ತುಂಡಿನಲ್ಲಿ ಸಾಲಾಗಿ ಮೂರು ಕಂತು. ಒಂದೊಂದು ಸುಮಾರು 22 ನಿಮಿಷ ಅಂದರೆ ಒಂದು ಧಾರಾವಾಹಿಗೆ ಮೂರೂಕಾಲು ಗಂಟೆ. ಮೊದಲ ಸೀಸನ್ ಬೇಡ, ಪಾತ್ರಗಳು ಅಲ್ಲಿ ಇನ್ನೂ ಬೆಂದಿರುವುದಿಲ್ಲ. 'ಸೈನ್‌ಫೆಲ್ಡ್'ನ ಮೊದಲ ಸೀಸನ್‌ನಲ್ಲಿ ಐದೇ ಕಂತು, 'ದಿ ಆಫೀಸ್'ನದರಲ್ಲಿ ಆರು. 'ಅತ್ಯುತ್ತಮ ಹತ್ತು ಕಂತು' ಎಂಬ ಪಟ್ಟಿಗಳಿಂದಲೂ ಆರಿಸಬೇಡಿ. ಅವು ಹಬ್ಬದ ಊಟ, ನಮಗೆ ಬೇಕಾದದ್ದು ದಿನದ ಅಡುಗೆ. ಯಾರಾದರೂ ವಿಚಿತ್ರವಾಗಿ ಆಡಿದಾಗಲೆಲ್ಲ ಪಕ್ಕದವರು ಬೆರಗಾದರೋ, ಸಿಡುಕಿದರೋ, ಸುಮ್ಮನಿದ್ದರೋ ಎಂದು ಗೀಟು ಹಾಕುತ್ತ ಹೋಗಿ.

ಎರಡು ಕಡೆ ಎಡವುತ್ತೀರಿ. ಒಂದು, ಹಿನ್ನೆಲೆಯ ನಗು. ಅದು ಮೇಲೆದ್ದಾಗ ಪಾತ್ರಗಳೂ ಪ್ರತಿಕ್ರಿಯಿಸಿದ ಹಾಗೆ ಕಿವಿಗೆ ಮೋಸವಾಗುತ್ತದೆ. ಯುದ್ಧಭೂಮಿಯ ಆಸ್ಪತ್ರೆ ಶಿಬಿರದ ಕಥೆಯಾದ 'ಮ್ಯಾಶ್'ನ ಡಿವಿಡಿಗಳಲ್ಲಿ ಆ ನಗುವನ್ನು ತೆಗೆದು ನೋಡುವ ಆಯ್ಕೆ ಇದೆ, ಬಳಸಿ. ಇನ್ನೊಂದು, ಚಿತ್ರದ ಅಳತೆ. ಸಿಂಪ್ಸನ್ಸ್‌ನ ಹಳೆಯ ಕಂತುಗಳು 4:3ರಲ್ಲಿ ಬರೆದವು. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ ಮೇಲೆ ಕೆಳಗೆ ಕತ್ತರಿಸಿ 16:9 ಮಾಡಿದ್ದರು, ಮರುವರ್ಷ ಮೂಲ ಅಳತೆಯ ಆಯ್ಕೆ ಕೊಟ್ಟರು. ಡಫ್ ಬಿಯರಿನ ಕಾರ್ಖಾನೆಯಲ್ಲಿ ಮೂರು ಬೇರೆ ಬೇರೆ ಹೆಸರಿನ ತೊಟ್ಟಿಗಳಿಗೂ ಒಂದೇ ಕೊಳವೆಯಿಂದ ಬಿಯರ್ ಬರುವ ತಮಾಷೆ ಇದೆಯಲ್ಲ, ಕತ್ತರಿಸಿದ ಚಿತ್ರದಲ್ಲಿ ಆ ಕೊಳವೆಯೇ ಕಾಣುವುದಿಲ್ಲ.

ಸಿಂಪ್ಸನ್ಸ್‌ನಿಂದಲೇ ಶುರು ಮಾಡೋಣ. 1989ರಿಂದ ನಡೆಯುತ್ತಿದೆ, ಸಿಂಪ್ಸನ್ ಮನೆಯ ಮಗ ಬಾರ್ಟ್‌ಗೆ ಇನ್ನೂ ಹತ್ತು ವರ್ಷ. 1990ರ 'ಡೆಡ್ ಪಟಿಂಗ್ ಸೊಸೈಟಿ' ಕಂತಿನಲ್ಲಿ ಫ್ಲ್ಯಾಂಡರ್ಸ್ ಬಾರ್ಟ್‌ನ ಅಪ್ಪ ಹೋಮರನನ್ನು ಮನೆಗೆ ಕರೆದು ಬಿಯರ್ ಕೊಡುತ್ತಾನೆ. ಅಚ್ಚುಕಟ್ಟಾದ ಮನೆ, ಪ್ರೀತಿಯ ಮಗ. ಹೋಮರ್‌ಗೆ ಹೊಟ್ಟೆ ಉರಿಯುತ್ತದೆ, ಮೆರೆಯುತ್ತಿದ್ದೀಯಾ ಎಂದು ಜಗಳ ತೆಗೆಯುತ್ತಾನೆ. ನೆಡ್ ನೊಂದುಕೊಂಡು ಕ್ಷಮೆ ಕೇಳಿ ಪತ್ರ ಬರೆದರೆ ಹೋಮರ್ ಅದನ್ನು ಮನೆಮಂದಿಗೆಲ್ಲ ಓದಿ ನಗುತ್ತಾನೆ. ಆಮೇಲೆ ಮಿನಿ ಗಾಲ್ಫ್ ಪಂದ್ಯಕ್ಕೆ ಬಾಜಿ ಬಿದ್ದಾಗ ನೆಡ್‌ನ ಹಠವೂ ಹೊರಬರುತ್ತದೆ. ಅಂದರೆ ಅವನ ಒಳ್ಳೆಯತನ ಅಲ್ಲಿ ಒಂದು ಸನ್ನಿವೇಶ, ಅದಕ್ಕೆ ಬೆರಗಾಗಿ ಉರಿದುಕೊಳ್ಳಲು ಹೋಮರ್ ಇದ್ದಾನೆ. ದೈವಭಕ್ತಿ ನೆಡ್‌ನ ಹತ್ತು ಗುಣಗಳಲ್ಲಿ ಒಂದು. ಎರಡನೆಯ ದಶಕದ ಕಂತುಗಳಲ್ಲಿ ಉಳಿದ ಒಂಬತ್ತು ಕಾಣೆ. ಅವನು ಬಾಯಿ ತೆರೆದರೆ ಬೈಬಲ್, ಮತ್ತು ಊರಿಗೆ ಅದು ಗೊತ್ತು.

ಈ ಧಾರಾವಾಹಿಯ ಹೆಚ್ಚುಗಾರಿಕೆ ಅಂದರೆ ಬರಹಗಾರರಿಗೇ ತಮ್ಮ ಕಾಯಿಲೆ ಗೊತ್ತಿತ್ತು. 1997ರ ಮೇ ತಿಂಗಳ 'ಹೋಮರ್ಸ್ ಎನಿಮಿ' ನೋಡಿ. ಕಷ್ಟಪಟ್ಟು ಮೇಲೆ ಬಂದ ಫ್ರಾಂಕ್ ಗ್ರೈಮ್ಸ್ ಹೋಮರ್ ಇರುವ ಅಣುಸ್ಥಾವರಕ್ಕೆ ಕೆಲಸಕ್ಕೆ ಸೇರುತ್ತಾನೆ. ನಾವು ಎಂಟು ಸೀಸನ್ ನಕ್ಕು ಬಿಟ್ಟದ್ದನ್ನೆಲ್ಲ ಅವನು ಮೊದಲ ಸಲ ಕಣ್ಣುಬಿಟ್ಟು ನೋಡುತ್ತಾನೆ. ಇಂಥ ದಡ್ಡ ಸುರಕ್ಷತಾ ಅಧಿಕಾರಿಯೇ? ಇವನಿಗೆ ಇಷ್ಟು ದೊಡ್ಡ ಮನೆಯೇ? ಬಾಹ್ಯಾಕಾಶಕ್ಕೂ ಹೋಗಿ ಬಂದಿದ್ದಾನೆಯೇ? ಯಾರಾದರೂ ತನ್ನಂತೆ ಬೆರಗಾಗಲಿ ಎಂದು ಅವನು ಕಂತಿಡೀ ಅಂಗಲಾಚುತ್ತಾನೆ, ಯಾರೂ ಆಗುವುದಿಲ್ಲ. ಕೊನೆಗೆ ಹುಚ್ಚೆದ್ದು ಹೋಮರನನ್ನು ಅಣಕಿಸುತ್ತಾ ವಿದ್ಯುತ್ ತಂತಿ ಹಿಡಿದು ಸಾಯುತ್ತಾನೆ. ಅಂತ್ಯಕ್ರಿಯೆಯಲ್ಲಿ ಹೋಮರ್ ನಿದ್ದೆಗಣ್ಣಿನಲ್ಲಿ ಏನೋ ಅಂದರೆ ಇಡೀ ಊರು ನಗುತ್ತದೆ. ಬೆರಗಾಗುವ ಕೊನೆಯ ಮನುಷ್ಯನನ್ನು ಹೂತ ಕಂತು ಅದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಡ್‌ಮಾಸ್ತರ್ ಸ್ಕಿನ್ನರ್ ಬೇರೆಯವನ ಹೆಸರು ಹೊತ್ತು ಬದುಕಿದ್ದವನು ಎಂಬ ಕಥೆ ಬಂತು. ಕೊನೆಗೆ ನ್ಯಾಯಾಧೀಶರು, ಈ ವಿಷಯವನ್ನು ಇನ್ನು ಯಾರೂ ಎತ್ತಕೂಡದು, ಎತ್ತಿದರೆ ಚಿತ್ರಹಿಂಸೆ ಎಂದು ಅಪ್ಪಣೆ ಮಾಡುತ್ತಾರೆ. ತಮಾಷೆಯೇ, ಆದರೆ ಅಲ್ಲಿಂದ ಮುಂದೆ ಯಾವ ಘಟನೆಗೂ ಬೆಲೆ ತೆರಬೇಕಿಲ್ಲ ಎಂಬ ಘೋಷಣೆಯೂ ಹೌದು. ವಯಸ್ಸಾಗದ ಪಾತ್ರಗಳ ಫಜೀತಿಯೂ ಜೊತೆಗಿದೆ: 1991ರ ಕಂತಿನಲ್ಲಿ ಹೋಮರ್, ಅವನ ಹೆಂಡತಿ ಮಾರ್ಜ್ 1974ರ ಶಾಲಾ ಮಕ್ಕಳು, 2008ರ ಕಂತಿನಲ್ಲಿ ಅವರ ಯೌವನ 1990ರ ದಶಕಕ್ಕೆ ಜಿಗಿದಿದೆ. ಮೂರರಿಂದ ಎಂಟನೇ ಸೀಸನ್‌ವರೆಗೆ ಬಿಡದೆ ನೋಡಿ, ಆಮೇಲೆ ಆರಿಸಿ ನೋಡಿ.

'ಮ್ಯಾಶ್' ಇದಕ್ಕೆ ತದ್ವಿರುದ್ಧ. ಮೂರು ವರ್ಷದ ಕೊರಿಯಾ ಯುದ್ಧವನ್ನು 1972ರಿಂದ 1983ರವರೆಗೆ, 11 ಸೀಸನ್, 256 ಕಂತು ಎಳೆದರು. ಇದನ್ನು ಉಳಿಸಿದ್ದು ನಟರು ಬಿಟ್ಟುಹೋದದ್ದು! ಮೂರನೇ ಸೀಸನ್ ಕೊನೆಗೆ, 1975ರ ಮಾರ್ಚ್‌ನಲ್ಲಿ, ಊರಿಗೆ ಹೊರಟ ಶಿಬಿರದ ಮುಖ್ಯಸ್ಥ ಕರ್ನಲ್ ಹೆನ್ರಿ ಬ್ಲೇಕ್‌ನ ವಿಮಾನ ಜಪಾನ್ ಸಮುದ್ರದ ಮೇಲೆ ಬಿತ್ತು ಎಂಬ ಸುದ್ದಿಯನ್ನು ಗುಮಾಸ್ತ ರೇಡಾರ್ ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದು ಓದುತ್ತಾನೆ. ಆ ಕೋಣೆಯ ದೃಶ್ಯಗಳಿಗೆ ಹಿನ್ನೆಲೆ ನಗು ಹಾಕುತ್ತಿರಲಿಲ್ಲ, ಹಾಗಾಗಿ ಮೌನ ಇನ್ನೂ ಭಾರ. ನಾಲ್ಕನೇ ಸೀಸನ್‌ಗೆ ಸರ್ಜನ್ ಟ್ರ್ಯಾಪರ್ ಬದಲು ಬಿ.ಜೆ. ಹನಿಕಟ್, ಬ್ಲೇಕ್ ಬದಲು ಕರ್ನಲ್ ಪಾಟರ್ ಬಂದರು. ಬಿ.ಜೆ. ಕೊರಿಯಾಕ್ಕೆ ಹೊಸಬ, ಯುದ್ಧ ನೋಡಿ ಅವನ ಹೊಟ್ಟೆ ತೊಳೆಸುತ್ತದೆ. ಅವನ ಕಣ್ಣಿನಲ್ಲಿ ನಮಗೂ ಶಿಬಿರ ಮತ್ತೆ ಹೊಸದು.

ಎರಡು ಬದಲಾವಣೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಸರ್ಜನ್ ಫ್ರಾಂಕ್ ಬರ್ನ್ಸ್ ಐದು ಸೀಸನ್‌ನಲ್ಲಿ ಬರೀ ಏಟು ತಿನ್ನುವ ಗೊಂಬೆಯಾಗಿದ್ದ. ಅವನನ್ನು ಗೋಳು ಹೊಯ್ದುಕೊಳ್ಳುವುದರಲ್ಲಿ ನಾಯಕ ಹಾಕೈಗೆ ಯಾವ ಶ್ರಮವೂ ಇರಲಿಲ್ಲ. ಆರನೇ ಸೀಸನ್‌ಗೆ ಅವನ ಜಾಗಕ್ಕೆ ಬಂದ ಚಾರ್ಲ್ಸ್ ವಿಂಚೆಸ್ಟರ್ ಬಾಸ್ಟನ್ನಿನ ಸಿರಿವಂತ, ಜಂಭಗಾರ, ಆದರೆ ಕೈಚಳಕದ ಸರ್ಜನ್. ಈಗ ಒಂದು ಚುಚ್ಚುಮಾತಿಗೆ ಎರಡು ತಿರುಗಿ ಬರುತ್ತವೆ, ಹಾಗಾಗಿ ಹಾಕೈಯ ಮಾತೂ ಹರಿತವಾಯಿತು. ಎದುರಾಳಿಯನ್ನು ಜಾಣನನ್ನಾಗಿ ಮಾಡಿದರೆ ನಾಯಕ ಪೆದ್ದನಾಗುವುದು ನಿಲ್ಲುತ್ತದೆ. ಇನ್ನೊಂದು, ಸೈನಿಕ ಕ್ಲಿಂಗರ್‌ನ ಹೆಣ್ಣು ವೇಷ. ಹುಚ್ಚ ಎಂದು ಮನೆಗೆ ಕಳಿಸಲಿ ಎಂಬ ಆಸೆಗೆ ಲಂಗ ತೊಡುವವನು. ಪಾಟರ್ ಬಂದ ದಿನವೇ ಇಂಥ ನಾಟಕಗಳನ್ನೆಲ್ಲ ನೋಡಿದ್ದೇನೆ ಎಂದು ತಳ್ಳಿಹಾಕುತ್ತಾನೆ. ಹೊಸಬನೂ ಬೆರಗಾಗಲಿಲ್ಲ! ಆ ತಮಾಷೆಯ ಎಣ್ಣೆ ಅಲ್ಲಿಗೇ ತೀರಿತ್ತು. ಇಷ್ಟಾಗಿಯೂ ವೇಷ ವರ್ಷಗಟ್ಟಲೆ ನಡೆಯಿತು. ಎಂಟನೇ ಸೀಸನ್‌ನಲ್ಲಿ ರೇಡಾರ್ ಹೋಗಿ ಕ್ಲಿಂಗರ್ ಗುಮಾಸ್ತನಾದ ಮೇಲೆ ಲಂಗ ಬಿಟ್ಟ, ಆಗಲೇ ಮನುಷ್ಯನಾದ.

ಬೆಲೆ ತೆರದೆ ಇದಾಗಲಿಲ್ಲ. ಮುಖ್ಯ ಬರಹಗಾರ ಲ್ಯಾರಿ ಗೆಲ್ಬಾರ್ಟ್ ನಾಲ್ಕನೇ ಸೀಸನ್ ಬಳಿಕ ಬಿಟ್ಟ ಮೇಲೆ ಕ್ರಮೇಣ ನಗು ಇಳಿದು ಉಪದೇಶ ಏರಿತು. ಹಾಕೈ ಕೆಲವೊಮ್ಮೆ ಭಾಷಣಕಾರನೇ ಆಗಿಬಿಡುತ್ತಾನೆ. ನಗಬೇಕೆಂದರೆ ಮೊದಲ ಮೂರು ಸೀಸನ್, ಮನುಷ್ಯರು ಬೇಕೆಂದರೆ ನಾಲ್ಕರಿಂದ ಏಳು.

'ದಿ ಆಫೀಸ್' (ಅಮೆರಿಕದ್ದು, 2005–2013, 201 ಕಂತು) ಬೆರಗನ್ನು ಯಂತ್ರದ ಹಾಗೆ ಒಳಗೇ ಕೂರಿಸಿಕೊಂಡಿತ್ತು: ಸಾಕ್ಷ್ಯಚಿತ್ರದ ಕ್ಯಾಮೆರಾ. ಕಚೇರಿಯ ಬಾಸ್ ಮೈಕಲ್ ಏನೋ ಅಂದ ಕೂಡಲೇ ಅವನ ಕೈಕೆಳಗಿನ ಜಿಮ್ ಕ್ಯಾಮೆರಾದತ್ತ ಒಂದು ನೋಟ ಬೀರುತ್ತಾನೆ, ನಮ್ಮ ಬೆರಗನ್ನು ಅವನೇ ಆಡಿ ತೋರಿಸಿದ ಹಾಗೆ. ಎರಡನೇ ಸೀಸನ್ನಿನ ಮೊದಲ ಕಂತು 'ದಿ ಡಂಡೀಸ್'ನಲ್ಲಿ ಇನ್ನೊಂದು ಜಾಣತನ. ಹೋಟೆಲಿನಲ್ಲಿ ಅಪರಿಚಿತರು ಮೈಕಲ್‌ನನ್ನು ಗೇಲಿ ಮಾಡುತ್ತಾರೆ, ಅವನ ಮುಖ ಬಾಡುತ್ತದೆ, ಆಗ ಇಷ್ಟು ಹೊತ್ತು ಗೊಣಗುತ್ತಿದ್ದ ಸಿಬ್ಬಂದಿಯೇ ಅವನ ಪರ ಚಪ್ಪಾಳೆ ತಟ್ಟುತ್ತಾರೆ. ಹೊರಗಿನವರ ಕಣ್ಣು ಬಿದ್ದ ಮೇಲೆ ಒಳಗಿನವರಿಗೆ ಅವನು 'ನಮ್ಮವ'. ಆರು ಕಂತಿನ ಮೊದಲ ಸೀಸನ್‌ನ ಕಹಿ ಮೈಕಲ್ ಸಹ್ಯನಾದದ್ದು ಹೀಗೆ.

ಕೆಟ್ಟದ್ದು ಕೆವಿನ್‌ನಲ್ಲಿ. ಎರಡನೇ ಸೀಸನ್ ಕೊನೆಗೆ ಅವನು ನಿಧಾನ ಮಾತಿನ ಲೆಕ್ಕಿಗ, ದೊಡ್ಡ ಪೋಕರ್ ಪಂದ್ಯವೊಂದನ್ನು ಗೆದ್ದವನು. ನಾಲ್ಕನೇ ಸೀಸನ್ ಕೊನೆಗೆ (2008) ಕಚೇರಿಗೆ ಹೊಸದಾಗಿ ಬಂದ ಹಾಲಿ, ಸಹೋದ್ಯೋಗಿ ಡ್ವೈಟ್ ಹೇಳಿದ್ದನ್ನು ನಂಬಿ ಅವನಿಗೆ ಬುದ್ಧಿಮಾಂದ್ಯ ಅಂದುಕೊಳ್ಳುತ್ತಾಳೆ. ಅಲ್ಲಿ ನಗು ಬರುವುದು ಅವಳ ಎಣಿಕೆ ತಪ್ಪು ಎಂಬುದಕ್ಕೆ. ಮುಂದಿನ ಸೀಸನ್‌ಗಳು ಆ ತಪ್ಪನ್ನೇ ನಿಜ ಮಾಡುತ್ತಾ ಹೋದವು. ಕೊನೆಯ ಕಂತಿಗೆ ಬಂದರೆ ಲೆಕ್ಕ ತಾಳೆಯಾಗಲು 'ಕೆಲೆವೆನ್' ಎಂಬ ಇಲ್ಲದ ಸಂಖ್ಯೆಯನ್ನೇ ಹುಟ್ಟಿಸಿಕೊಂಡಿದ್ದ ಅಂತ ಕೆಲಸದಿಂದ ತೆಗೆದಿದ್ದಾರೆ. ಇಷ್ಟು ವರ್ಷ ಪಕ್ಕದ ಮೇಜಿನವರಿಗೆ ಗೊತ್ತಾಗಲಿಲ್ಲವೇ ಎಂದು ಕೇಳುವಂತಿಲ್ಲ. 2011ರಲ್ಲಿ ಮೈಕಲ್ ಪಾತ್ರದ ಸ್ಟೀವ್ ಕ್ಯಾರೆಲ್ ಹೋದದ್ದೇ ಕಾರಣ ಅನ್ನುವವರಿದ್ದಾರೆ. ಗೀಟು ಹಾಕಿಕೊಂಡು ನೋಡಿದರೆ ಇಳಿಜಾರು ಅದಕ್ಕೂ ಮೊದಲೇ ಶುರು. ಒಂಬತ್ತನೇ ಸೀಸನ್‌ನಲ್ಲಿ ಅಳುವ ಜಿಮ್‌ನ ಹೆಂಡತಿ ಪ್ಯಾಮ್‌ಳನ್ನು ಸಂತೈಸಲು ಸಾಕ್ಷ್ಯಚಿತ್ರ ತಂಡದಲ್ಲಿ ಮೈಕ್ ಹಿಡಿಯುವ ಬ್ರಯಾನ್ ಕ್ಯಾಮೆರಾ ಮುಂದೆ ಬಂದೇಬಿಟ್ಟ. ಬೆರಗಾಗಲೆಂದೇ ಹೊರಗಿಟ್ಟಿದ್ದ ಸಾಕ್ಷಿಯೂ ಕಥೆಯೊಳಗೆ ಬಂದ ಮೇಲೆ ಜಿಮ್ ಯಾರ ಕಡೆ ನೋಡಬೇಕು?

'ಫ್ರೆಂಡ್ಸ್'ಗೆ ಐದನೇ ಸೀಸನ್‌ನಲ್ಲಿ ಒಂದು ಒಳ್ಳೆಯ ಉಪಾಯ ಹೊಳೆದಿತ್ತು: ಗುಟ್ಟು. ಚಾಂಡ್ಲರ್, ಮೋನಿಕಾ ಜೋಡಿಯ ವಿಷಯ ಒಬ್ಬೊಬ್ಬರಿಗೆ ಒಂದೊಂದು ಸಲ ತಿಳಿಯುತ್ತದೆ, ಪ್ರತಿ ಸಲವೂ ಹೊಸ ಬೆರಗು. ಯಾರ ಗುಣವನ್ನೂ ಉಬ್ಬಿಸದೆ ಅರ್ಧ ಸೀಸನ್ ನಡೆಸಿದರು. ಗುಟ್ಟು ಮುಗಿದ ಮೇಲೆ ಹಳೇ ಚಾಳಿ: ರಾಸ್‌ಗೆ ಕಿರುಚಾಟ, ಮೋನಿಕಾಗೆ ಪೊರಕೆ. ಏಳನೇ ಸೀಸನ್‌ನ ಆಚೆಗೆ ಹಳೆಯ ಸ್ನೇಹಕ್ಕಾಗಿ ನೋಡಬೇಕು ಅಷ್ಟೇ.

ದಿನನಿತ್ಯದ ಧಾರಾವಾಹಿಗೆ ಈ ಅಳತೆಗೋಲು ಹಿಡಿಯುವುದು ಅನ್ಯಾಯ. 2008ರಲ್ಲಿ ಶುರುವಾಗಿ 4,000 ಕಂತು ದಾಟಿದ ಹಿಂದಿಯ 'ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ'ದಲ್ಲಿ ಪತ್ರಕರ್ತ ಪೋಪಟ್‌ಲಾಲ್‌ಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ವರ್ಷಾನುಗಟ್ಟಲೆ ತಮಾಷೆ. ಅವರೆಲ್ಲ ವಾಸಿಸುವ ಗೋಕುಲಧಾಮ ವಠಾರದಲ್ಲಿ ಯಾರೂ ಬೆರಗಾಗುವುದಿಲ್ಲ, ನೋಡುವವರೂ ಬೆರಗು ಬೇಡುವುದಿಲ್ಲ. ಅದು ರಾತ್ರಿ ಊಟದ ಹೊತ್ತಿನ ಗಡಿಯಾರ.

ಐದರಲ್ಲಿ ಹೆಚ್ಚು ಅಂಕ 'ಸೈನ್‌ಫೆಲ್ಡ್'ಗೆ (1989–1998, 180 ಕಂತು). ಕಥೆಯ ನಾಲ್ವರು ಗೆಳೆಯರೂ ಒಳ್ಳೆಯವರಾಗಬಾರದು, ಯಾರೂ ಪಾಠ ಕಲಿಯಬಾರದು ಎಂಬುದು ಧಾರಾವಾಹಿ ಹುಟ್ಟಿಸಿದವರಲ್ಲೊಬ್ಬರಾದ ಲ್ಯಾರಿ ಡೇವಿಡ್ ಹಾಕಿದ ಕಟ್ಟಳೆ. ಒಳಗಿನವರು ಬದಲಾಗದ ಮೇಲೆ ಬೆರಗಾಗಲು ಪ್ರತಿ ಕಂತಿಗೂ ಹೊರಗಿನವರು ಬೇಕು: ಸೂಪಿನ ಅಂಗಡಿಯವನು, ಕಚೇರಿಯ ಯಜಮಾನ, ಹೊಸ ಗೆಳತಿ. 1991ರ 'ದಿ ಚೈನೀಸ್ ರೆಸ್ಟೊರೆಂಟ್' ಕಂತಿನಲ್ಲಿ ಮೇಜಿಗಾಗಿ ಕಾಯುವುದೇ ಇಡೀ ಕಥೆ. ಏಳನೇ ಸೀಸನ್ ಬಳಿಕ ಡೇವಿಡ್ ಹೋದರು, ಕಂತಿನ ಆರಂಭದ ಏಕಪಾತ್ರ ಹಾಸ್ಯವೂ ನಿಂತಿತು, ವೇಗ ಏರಿತು. 1997ರಲ್ಲಿ ನಾಲ್ವರಲ್ಲೊಬ್ಬನಾದ ಕ್ರೇಮರ್ ಕಸದಲ್ಲಿ ಸಿಕ್ಕ ಹಳೆಯ ಟೀವಿ ಕಾರ್ಯಕ್ರಮವೊಂದರ ವೇದಿಕೆಯನ್ನು ಮನೆಯಲ್ಲೇ ಜೋಡಿಸಿ ಟಾಕ್ ಶೋ ನಡೆಸುತ್ತಾನೆ. ಗೆಳೆಯರು ಬಂದು ಅತಿಥಿಗಳಂತೆ ಕೂರುತ್ತಾರೆ! ಎರಡನೇ ಸೀಸನ್‌ನ ನಾಯಕ ಜೆರಿಯಾಗಿದ್ದರೆ ಬಾಗಿಲಲ್ಲೇ ನಿಂತು ಬಾಯಿ ಬಿಡುತ್ತಿದ್ದ.

ಕೊನೆಯ ಕಂತು ಬರೆಯಲು ಡೇವಿಡ್ ಮರಳಿದರು. ಬಹಳ ಜನರಿಗೆ ಅದು ಇಷ್ಟವಾಗಲಿಲ್ಲ, ಆದರೆ ಈ ಲೆಕ್ಕದಲ್ಲಿ ಅದಕ್ಕಿಂತ ನೇರವಾದ ಮುಕ್ತಾಯವಿಲ್ಲ. ಒಂಬತ್ತು ವರ್ಷ ಈ ನಾಲ್ವರನ್ನು ಕಂಡು ಬೆರಗಾದವರೆಲ್ಲ ಒಬ್ಬೊಬ್ಬರಾಗಿ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳುತ್ತಾರೆ. ಒಂದು ವರ್ಷ ಜೈಲು. ಕಂಬಿಯ ಹಿಂದೆ ಜೆರಿ, ಗೆಳೆಯ ಜಾರ್ಜ್‌ನ ಅಂಗಿಯ ಎರಡನೇ ಗುಂಡಿ ಸರಿಯಾದ ಜಾಗದಲ್ಲಿಲ್ಲ ಎಂದು ಶುರು ಮಾಡುತ್ತಾನೆ. 1989ರ ಮೊದಲ ಕಂತಿನಲ್ಲಿ ಇಬ್ಬರ ಮೊದಲ ಮಾತುಕತೆ ಅದೇ. ಈ ಮಾತು ಹಿಂದೆ ಒಮ್ಮೆ ಆಡಿದ್ದೆವಲ್ಲ, ಅನ್ನುತ್ತಾನೆ ಜಾರ್ಜ್.